ಪಾಪರಾಗುವ ಹಕ್ಕು

ಮೈಕ್ರೋ ಫೈನಾನ್ಸ್ ವಸೂಲಿಗಾರರ ಉಪಟಳವನ್ನು ನಿಗ್ರಹಿಸಲೆಂದು ರಾಜ್ಯ ಸರ್ಕಾರವು ಕಳುಹಿದ ಸುಗ್ರೀವಾಜ್ಞೆಯನ್ನು, ಹತ್ತು ವರ್ಷದ ಸೆರೆವಾಸವೂ ಐದು ಲಕ್ಷ ರೂಪಾಯಿಯ ದಂಡವೂ ಮಿತಿಮೀರಿದವೆಂದು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಸಮಜಾಯಿಷಿಯ ತರುವಾಯ 2025ರ ಫೆಬ್ರವರಿ 12ರಂದು ಅಂಕಿತವಿತ್ತರಷ್ಟೆ. ವಿವಾದವೆಲ್ಲ ಸಾಲ ಕೊಟ್ಟವನ ದಂಡನೆಯ ಪ್ರಮಾಣವನ್ನು ಕುರಿತದ್ದು. ನೋಂದಣಿಯಿಲ್ಲದವರು ಕೊಟ್ಟ ಸಾಲವನ್ನು ಈ ಶಾಸನ ತೊಡೆದುಹಾಕುತ್ತದೆ, ನಿಜ. ರಿಸರ್ವ್ ಬ್ಯಾಂಕಿನ ಅನುಮತಿಯುಳ್ಳವರ ಸಾಲವು ಕಲ್ಲಿನಂತೆ ಕುಳಿತೇ ಇರುತ್ತದೆ.

ಸಾಲವೆಂಬುದು ಸರ್ಕಾರಕ್ಕೇನೂ ಅಪರಿಚಿತವಲ್ಲ. ಮರುತಿಂಗಳೇ ಮಂಡಿತವಾದ ಆಯವ್ಯಯದ ಅಂದಾಜಿನಲ್ಲಿ, 2025-26ರ ಅಂತ್ಯಕ್ಕೆ ರಾಜ್ಯದ ಒಟ್ಟು ಹೊಣೆಗಾರಿಕೆ 7,64,655 ಕೋಟಿ ರೂಪಾಯಿ. ಅದು ಆಂತರಿಕ ಉತ್ಪನ್ನದ ಶೇಕಡ 24.91ರಷ್ಟಾಗಿ, ಶಾಸನವಿಹಿತವಾದ 25ರ ಮೇರೆಯನ್ನು ಕೂದಲೆಳೆಯಷ್ಟರಲ್ಲಿ ದಾಟದೆ ನಿಂತಿರುವುದೇ ವಿಧಾನಸೌಧದ ಸಮಾಧಾನ. ನವಲಗುಂದದ ಎರಿಹೊಲದಲ್ಲಿ ಹೆಸರು ಬಿತ್ತಿ, ಕೊಯ್ಲಿಗೆ ಬಂದ ಕಾಯಿ ಮಳೆಗೆ ಮೊಳೆತುಹೋದುದನ್ನು ನೋಡುತ್ತ ನಿಂತ ಒಕ್ಕಲಿಗನಿಗೆ ಇಂತಹ ಮೇರೆಯನ್ನು ಯಾರೂ ಎಳೆದುಕೊಟ್ಟಿಲ್ಲ. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುವುದರಲ್ಲಿ ಅವನೂ ಸರ್ಕಾರವೂ ಸಮಾನರೇ. ಸರ್ಕಾರದ ಕಟ್ಟೆಯ ಮೇಲೆ ಮಾತ್ರ ವಾರದ ಕಂತಿಗಾಗಿ ಯಾರೂ ಬಂದು ಕೂಡುವುದಿಲ್ಲ.

ಪಾಪರ್ ಚೀಟಿಯೆಂಬುದು ನಮ್ಮ ಕಡೆ ಬೈಗುಳ. ಆದರೆ ವರ್ತಕನಿಗೆ ಅದೇ ಕವಚ. 2016ರ ದಿವಾಳಿ ಸಂಹಿತೆಯಲ್ಲಿ ಬಡ ಸಾಲಗಾರನಿಗೂ ಹೊಸ ಬಾಳಿನ ಒಂದು ಅಧ್ಯಾಯವನ್ನು ಬರೆದಿರಿಸಲಾಗಿದೆ: ವಾರ್ಷಿಕ ವರಮಾನ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರಬಾರದು, ಸ್ವಂತ ಮನೆ ಇರಲೇಬಾರದು. (ಇಷ್ಟೊಂದು ಬರಿಗೈಯವನಿಗೆ ಸಾಲ ಕೊಟ್ಟ ಪುಣ್ಯಾತ್ಮನಾರೋ!) ಈ ಕೃಪೆಯೂ ಕಾಗದದ ಮೇಲೆಯೇ ಉಳಿಯಿತು. ವ್ಯಕ್ತಿಗಳ ದಿವಾಳಿಯ ಭಾಗವನ್ನು 2019ರಲ್ಲಿ ಜಾರಿಗೆ ತಂದುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಕಲಘಟಗಿಯ ಕೂಲಿಕಾರನಿಗೆ ಇಂದಿಗೂ ಗತಿಯೆಂದರೆ ಬ್ರಿಟಿಷರು 1920ರಲ್ಲಿ ಮಾಡಿಟ್ಟ ಪ್ರಾಂತೀಯ ದಿವಾಳಿ ಕಾಯಿದೆ.

ಸಾಲಮನ್ನಾ ಇದೆಯಲ್ಲವೇ ಎನ್ನುವವರುಂಟು. ಮನ್ನಾ ಎಂಬುದು ಚುನಾವಣೆಯ ಪಂಚಾಂಗ ನೋಡಿ ದೊರೆಯುವ ಪ್ರಸಾದ. ದಿವಾಳಿಯ ಕಾನೂನಾದರೋ, ತೀರಿಸಲಾರದವನು ಇದ್ದುದನ್ನೆಲ್ಲ ನ್ಯಾಯಾಲಯದೆದುರು ತೆರೆದಿಟ್ಟು ತಲೆಯೆತ್ತಿ ಮನೆಗೆ ಮರಳಬಹುದಾದ ಹಕ್ಕು. ದಿವಾಳಿಯು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯವಾದುದರಿಂದ, ದೆಹಲಿಯತ್ತ ಬೆರಳು ತೋರಿಸಿ ಸುಮ್ಮನಿರುವುದಕ್ಕೆ ನಮ್ಮ ಶಾಸಕರಿಗೆ ನೆಪವಿಲ್ಲ.

1980ರ ಜುಲೈ 21ರಂದು ನೀರಿನ ಕರದ ವಿರುದ್ಧ ನಡೆದ ಬಂಡಾಯದಲ್ಲಿ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದ ಊರು ನವಲಗುಂದ. ವರ್ಷವರ್ಷವೂ ಆ ದಿನ ವೀರಗಲ್ಲಿಗೆ ಮಾಲೆ ಹಾಕಲು ಬರುವ ಜನಪ್ರತಿನಿಧಿಗಳು, ಮುಂದಿನ ಸಲ ಮಾಲೆಯ ಜೊತೆಗೆ ಬಡವನ ದಿವಾಳಿಯ ವಿಧೇಯಕದ ಕರಡೊಂದನ್ನೂ ಕೈಯಲ್ಲಿ ಹಿಡಿದು ಬರಲಿ.