ಒಡ್ಡಿನ ಮೇಲೆ ಬೈಕ್ ಹತ್ತಿಸುವ ಮುನ್ನ

ಕಳೆದ ಅಕ್ಟೋಬರ್ ಕೊನೆಯ ಒಂದು ಭಾನುವಾರ ನಾವು ಮೂವರು ಗೆಳೆಯರು ಎರಡು ಬೈಕುಗಳಲ್ಲಿ ಕಾರವಾರದಿಂದ ಗೋವಾದ ಕಡೆ ಹೊರಟೆವು. ಮೂವರದ್ದೂ ಡಿಗ್ರಿ ಮುಗಿದು ಎರಡು ವರ್ಷ. ಆ ವಾರ ಬಂದ ಆಯ್ಕೆಪಟ್ಟಿಯಲ್ಲಿ ಮೂವರ ಹೆಸರೂ ಇರಲಿಲ್ಲ. ಮನೆಯಲ್ಲಿ ಕೂತರೆ ‘ಮುಂದೇನು’ ಎಂಬ ಅದೇ ಪ್ರಶ್ನೆ. ಅದಕ್ಕಿಂತ ಪೆಟ್ರೋಲ್ ಖರ್ಚೇ ವಾಸಿ ಅನಿಸಿತ್ತು.

2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿದ್ದ ಕಾಳಿ ಸೇತುವೆಯ ಜಾಗ ನೋಡುತ್ತಾ ಹೊಸ ಸೇತುವೆ ದಾಟಿ, ಕಾಣಕೋಣ, ಮಡಗಾಂವ್ ಹಿಂದೆ ಹಾಕಿ ಹಳೇ ಗೋವಾ ಸೇರಿದೆವು. ಬಾಗಾ, ಕಲಂಗೂಟ್ ಬೀಚುಗಳು ನಮ್ಮ ಪಟ್ಟಿಯಲ್ಲಿರಲಿಲ್ಲ. ನಮಗೆ ಬೇಕಿದ್ದದ್ದು ಮಾಂಡವಿ ನದಿಯ ನಡುವಿನ ದಿವಾರ್ ದ್ವೀಪ. ಅಲ್ಲಿಗೆ ಸೇತುವೆ ಇಲ್ಲ, ಫೆರಿಯೇ ಗತಿ. ಬೈಕುಗಳ ಜೊತೆ ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್, ಪುಸ್ತಕ ಹಿಡಿದ ಹುಡುಗಿಯರು ಎಲ್ಲ ಒಟ್ಟಿಗೇ ದಾಟಿದೆವು.

ಆಚೆ ದಡದ ರಸ್ತೆಯ ಎರಡೂ ಬದಿ ನೀರು, ಗದ್ದೆ, ಕಾಂಡ್ಲಾ ಗಿಡಗಳು, ಬೆಳ್ಳಕ್ಕಿ. ಗುಡ್ಡದ ಮೇಲೆ ಪಿಯದಾದ್ ಊರಿನ ಬಿಳಿ ಚರ್ಚು. ದ್ವೀಪದ ನಾರ್ವೆ ಎಂಬಲ್ಲಿ ಗೋವಾ ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿಯಿತ್ತು. ನಮ್ಮ ಬೆಳಗಾವಿಯ ಹಲಸಿ, ದೇಗಾಂವೆಗಳಲ್ಲಿ ಗುಡಿ ಕಟ್ಟಿಸಿದ ಅದೇ ಮನೆತನ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದರು. ಭಕ್ತರು ದೇವರನ್ನು ಹೊಳೆ ದಾಟಿಸಿದರು, ಅಲ್ಲಿನ ಗುಡಿಯನ್ನು ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ. ಕ್ರೂರ ಇತಿಹಾಸವೇ. ನಾವು ಮಾತ್ರ ಆ ಹೊತ್ತಿನಲ್ಲಿ ರೀಲ್ಸ್ ಗುಂಗಿನಲ್ಲಿದ್ದೆವು.

ಅರ್ಧ ಕೊಯ್ಲಾದ ಗದ್ದೆ ಮತ್ತು ಹೊಳೆಯ ನಡುವೆ ಉದ್ದಕ್ಕೆ ಮಣ್ಣಿನ ಒಡ್ಡೊಂದು ಹೋಗಿತ್ತು. ಅದರ ಮೇಲೆ ಬೈಕ್ ಓಡಿಸಿ ವಿಡಿಯೊ ಮಾಡಿದರೆ ಹೇಗಿರುತ್ತದೆ ಎಂದದ್ದು ನಾನೇ. ಐವತ್ತು ಅಡಿ ಹೋಗಿದ್ದೆ. ಹಿಂದಿನ ಚಕ್ರ ಹೂತು, ಮಣ್ಣು ಹೊಳೆಯ ಕಡೆಗೆ ಜಾರಿತು. ಗದ್ದೆಯಲ್ಲಿದ್ದ ವಯಸ್ಸಾದವರೊಬ್ಬರು ಓಡಿ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಮೊದಲು ನೋಡಿದ್ದು ನನ್ನನ್ನೂ ಅಲ್ಲ, ಬೈಕನ್ನೂ ಅಲ್ಲ, ಚಕ್ರ ಕೊರೆದ ಗುಂಡಿಯನ್ನು. ಆಮೇಲೆ ಕೊಂಕಣಿಯಲ್ಲಿ, ‘ಇವತ್ತು ಸಂಜೆ ಭರತ ಇದೆ’ ಅಂದರು ಅಷ್ಟೇ.

ಆ ಮಾತು ನನಗೆ ಅರ್ಥವಾಗಬೇಕಿತ್ತು, ಏಕೆಂದರೆ ನಾನು ಕುಮಟಾ ಕಡೆಯ ಗಜನಿ ಗದ್ದೆಯ ಮನೆಯವನು. ಅವರು ಖಾಜನ್ ಎನ್ನುವುದೂ ನಾವು ಗಜನಿ ಎನ್ನುವುದೂ ಹೆಚ್ಚುಕಡಿಮೆ ಒಂದೇ ಬಗೆಯ ಭೂಮಿ. ಉಪ್ಪುನೀರಿನ ಹೊಳೆಯಿಂದ ಒಡ್ಡು ಕಟ್ಟಿ ಬಿಡಿಸಿಕೊಂಡದ್ದು. ಒಡ್ಡಿನ ನಡುವೆ ಮರದ ತೂಬು. ಭರತ ಬಂದಾಗ ನೀರಿನ ಒತ್ತಡಕ್ಕೆ ಅದರ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತೆರೆದುಕೊಂಡು ಒಳಗಿನ ನೀರನ್ನು ಹೊರಗೆ ಬಿಡುತ್ತದೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಭತ್ತ ಬೆಳೆಯುತ್ತಾರೆ. ನಮ್ಮಲ್ಲಿ ಅದು ಕಗ್ಗ, ಅಲ್ಲಿ ಕೊರ್ಗುಟ್. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಏಡಿ ತೋಡುವ ಬಿಲದಿಂದಲೂ ಒಡ್ಡು ಸೋರಬಲ್ಲದು. ಒಮ್ಮೆ ಒಡೆದರೆ ಹಾಳಾಗುವುದು ಒಬ್ಬರ ಗದ್ದೆಯಲ್ಲ, ಸಾಲಿನಲ್ಲಿರುವ ಎಲ್ಲರದ್ದು. ಇಷ್ಟೂ ಗೊತ್ತಿದ್ದವನು ನೂರೈವತ್ತು ಕೆ.ಜಿ. ಬೈಕನ್ನು ಅದರ ಮೇಲೆ ಹತ್ತಿಸಿದ್ದೆ.

ಬೈಕನ್ನು ತಳ್ಳಿ ಹಿಂದಕ್ಕೆ ತಂದೆವು. ಅವರು ಕೊಟ್ಟ ಗುದ್ದಲಿಯಲ್ಲಿ ಮೂವರೂ ಸರದಿಯ ಮೇಲೆ ಮಣ್ಣು ತುಂಬಿ ತುಳಿದೆವು. ಮುಕ್ಕಾಲು ಗಂಟೆಯ ಕೆಲಸ, ಅಂಗೈಯಲ್ಲಿ ಬೊಬ್ಬೆ. ವಿಡಿಯೊ ಅಳಿಸಿಹಾಕಿದೆ.

ಈಗ ಕರಾವಳಿಯ ಹಳ್ಳಿಗಳ ಕಡೆ ಬೈಕ್ ರೈಡ್ ಹೊರಡುವ ಗುಂಪುಗಳು ಹೆಚ್ಚು. ಹೋಗಬೇಡಿ ಎನ್ನುವುದಿಲ್ಲ, ನಾನೂ ಮತ್ತೆ ಹೋಗುತ್ತೇನೆ. ಆದರೆ ‘ಆಫ್‌ ರೋಡ್’ ಅಂತ ನಾವು ಕರೆಯುವ ದಾರಿ ಅಲ್ಲಿನವರ ಅನ್ನದ ಗೋಡೆ ಆಗಿರಬಹುದು. ಹೊರಡುವ ಮುಂಚೆ ಫೋನಿನಲ್ಲಿ ಹವಾಮಾನ ನೋಡುತ್ತೇವೆ, ಭರತ ಇಳಿತದ ಸಮಯವನ್ನೂ ನೋಡಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸೈಲೆನ್ಸರ್ ಬದಲಿಸಿದ ಬೈಕನ್ನು ದಯವಿಟ್ಟು ದ್ವೀಪಕ್ಕೆ ಒಯ್ಯಬೇಡಿ, ಅಲ್ಲಿ ಮಧ್ಯಾಹ್ನ ಜನ ಮಲಗುತ್ತಾರೆ.

ಇನ್ನೊಂದು ಮಾತು. ‘ಇಲ್ಲಿಗೆ ಸೇತುವೆ ಬರಲೇಬಾರದು, ಚೆಂದ ಹಾಳಾಗುತ್ತದೆ’ ಎಂದು ನನ್ನ ಗೆಳೆಯ ಫೆರಿಯಲ್ಲಿ ಜೋರಾಗಿ ಹೇಳಿದ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಒಮ್ಮೆ ನೋಡಿ ಮುಖ ತಿರುಗಿಸಿದಳು. ಫೆರಿ ನಮಗೆ ಫೋಟೊ, ಅವಳಿಗೆ ಹಾಜರಾತಿ. ಸೇತುವೆ ಬೇಕೋ ಬೇಡವೋ ಎನ್ನುವುದನ್ನು, ರಾತ್ರಿ ಹೊತ್ತು ಕಾಯಿಲೆಯವರನ್ನು ದಾಟಿಸಬೇಕಾದವರು ಹೇಳಲಿ. ಒಂದು ಭಾನುವಾರಕ್ಕೆ ಬಂದ ನಾವಲ್ಲ.

ಊರಿಗೆ ಬಂದ ಮೇಲೆ ನಮ್ಮ ಗಜನಿಯ ತೂಬನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಅಪ್ಪನನ್ನು ಕೇಳಿದೆ. ‘ಯಾರೂ ಇಲ್ಲ, ಹಲಗೆ ಕೊಳೆತು ನಾಲ್ಕು ವರ್ಷವಾಯಿತು’ ಎಂದರು. ಮುಂದಿನ ಭಾನುವಾರ ಬೈಕ್ ತೆಗೆದುಕೊಂಡು ಅಲ್ಲಿಗೇ ಹೋದೆವು. ಅದನ್ನು ರಸ್ತೆಯಲ್ಲೇ ನಿಲ್ಲಿಸಿ, ಒಡ್ಡಿನ ಮೇಲೆ ನಡೆದೆವು.