ಮುಂಜಾನೆಯ ಪಾಳಿ ಮತ್ತು ಮನೆಯ ಮರಿ

ಬೈಕಂಪಾಡಿಯ ಬೆಳಗು ಬೇಗನೆ ಆರಂಭವಾಗುತ್ತದೆ. ಕೈಗಾರಿಕಾ ಪ್ರದೇಶದ ಮೊದಲ ಪಾಳಿಗೆ ಹೊರಡುವವರು ನಸುಕಿನಲ್ಲೇ ಏಳಬೇಕು. ಪಣಂಬೂರಿನ ಬಂದರಿನತ್ತ ಸಾಗುವ ಲಾರಿಗಳ ಸದ್ದು ಆಗಲೇ ಹೆದ್ದಾರಿಯಿಂದ ಕೇಳುತ್ತಿರುತ್ತದೆ. ಒಲೆಯ ಮೇಲೆ ಗಂಜಿ, ಮಕ್ಕಳ ಬುತ್ತಿ, ತಪ್ಪಿಹೋಗಬಾರದ ಬಸ್ಸು. ಇವುಗಳ ನಡುವೆ ಎರಡು ತಿಂಗಳ ನಾಯಿಮರಿಯೊಂದು ಬಂದು ಸೇರಿದರೆ ಗೃಹಿಣಿಯ ಪಾಡೇನು?

ಮಕ್ಕಳ ಹಟಕ್ಕೆ ಮಣಿದು ತಂದೆಯು ಮರಿಯನ್ನು ತರುವುದುಂಟು. ಮರುದಿನ ಅವನು ಪಾಳಿಗೆ, ಮಕ್ಕಳು ಶಾಲೆಗೆ. ಗೃಹಿಣಿಯೂ ಕಚೇರಿಗೆ ಹೊರಡುವ ಮನೆಯಾದರೆ ಮರಿಗೆ ಮುಚ್ಚಿದ ಬಾಗಿಲೇ ಗತಿ. ತಿಂಗಳಿಗೊಂದು ಗಂಟೆಯಂತೆ ಮರಿಯು ಮೂತ್ರವನ್ನು ತಡೆಯಬಲ್ಲದೆಂಬುದು ಸಾಕುವವರ ಲೆಕ್ಕ. ಎರಡು ತಿಂಗಳ ಮರಿಗೆ ಎರಡು ಗಂಟೆಯಷ್ಟೆ. ಎದ್ದೊಡನೆ ಒಮ್ಮೆ, ಉಂಡ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಅದನ್ನು ಹೊರಗೆ ಒಯ್ಯಲೇಬೇಕು. ನೆಲ ಒದ್ದೆಯಾಯಿತೆಂದು ಬಡಿದರೆ ಮರಿಯು ಭಯವನ್ನು ಕಲಿಯುತ್ತದೆಯೇ ಹೊರತು ಶುಚಿತ್ವವನ್ನಲ್ಲ.

ಅವಸರದಲ್ಲಿ ಅನೇಕರಿಗೆ ತೋಚುವ ಸುಲಭೋಪಾಯವೆಂದರೆ ಗೇಟು ತೆರೆದು ಮರಿಯನ್ನು ಓಣಿಗೆ ಬಿಡುವುದು. ಅಪಾಯವಿರುವುದು ಅಲ್ಲಿಯೇ. ಲಾರಿಯ ಗಾಲಿ ಕಣ್ಣಿಗೆ ಕಾಣುತ್ತದೆ; ಪಾರ್ವೊ ರೋಗದ ವಿಷಾಣು ಕಾಣುವುದಿಲ್ಲ. ರೋಗಿಷ್ಠ ನಾಯಿಯ ಮಲದಿಂದ ಮಣ್ಣಿಗೆ ಸೇರಿದ ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ವಾಂತಿ, ರಕ್ತಭೇದಿ ತೋರಿದ ಮರಿಗೆ ಚಿಕಿತ್ಸೆ ತಡವಾದರೆ ಎರಡು ಮೂರು ದಿನಗಳಲ್ಲೇ ಪ್ರಾಣ ಹೋಗಬಹುದು. “ನಮ್ಮ ಕಾಲದ ನಾಯಿಗಳಿಗೆ ಯಾವ ಚುಚ್ಚುಮದ್ದಿತ್ತು?” ಎಂದು ಅಜ್ಜನವರು ಕೇಳಿದರೆ ಅದು ಅವರ ತಪ್ಪಲ್ಲ, ಈ ರೋಗವು ಜಗತ್ತಿಗೆ ಪರಿಚಯವಾದದ್ದೇ 1978ರ ಸುಮಾರಿಗೆ. 6ರಿಂದ 8 ವಾರದೊಳಗೆ ಮೊದಲ ಲಸಿಕೆ, ಅನಂತರ 3–4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಕೊಡಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ; ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಅಲ್ಲಿಯವರೆಗೆ ಮರಿಯ ಲೋಕವೆಂದರೆ ಸ್ವಂತ ಅಂಗಳ. ಅಂಗಳವಿಲ್ಲದವರಿಗೆ ಜಗಲಿಯ ಮೂಲೆಯಲ್ಲಿ ಹಾಸಿದ ಹಳೆಯ ವೃತ್ತಪತ್ರಿಕೆ.

ಊಟವು ದಿನಕ್ಕೆ ಮೂರು ನಾಲ್ಕು ಸಲ. ಮುಳ್ಳು ತೆಗೆದ ಮೀನು ಸಲ್ಲುತ್ತದೆ. ಉಳಿದ ಸಾರನ್ನು ಸುರಿಯುವ ವಾಡಿಕೆ ಮಾತ್ರ ಬೇಡ, ಈರುಳ್ಳಿಯು ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ.

ಇದಕ್ಕೆಲ್ಲ ಮುಂಜಾನೆ ಬೇಕಾಗುವುದು ಅರ್ಧ ಗಂಟೆ. ಅದು ಯಾರ ಅರ್ಧ ಗಂಟೆ ಎಂಬುದನ್ನು ಮರಿಯನ್ನು ತರುವ ಮೊದಲೇ ನಿಶ್ಚಯಿಸುವುದು ಲೇಸು. ಪಾಳಿಗೆ ಹೊರಡುವಾತನು ಎದ್ದೊಡನೆ ಅದನ್ನು ಅಂಗಳಕ್ಕೆ ಒಯ್ಯಲಿ. ಉಣಿಸುವುದು ಹಟ ಹಿಡಿದ ಮಕ್ಕಳ ಪಾಲು. ಹಗಲಿನಲ್ಲಿ ಮನೆ ಬರಿದಾಗುವುದಾದರೆ ನೆರೆಮನೆಯ ಹಿರಿಯರೊಬ್ಬರ ಕೈಯಲ್ಲಿ ಬೀಗದ ಕೈ ಇರಲಿ. ಅದೂ ಸಾಧ್ಯವಿಲ್ಲದವರು ಏಪ್ರಿಲ್‌ವರೆಗೆ ಕಾಯಬಹುದು. ಬೇಸಗೆಯ ರಜೆಯ ಮೊದಲಲ್ಲಿ ಎರಡು ತಿಂಗಳ ಮರಿಯನ್ನು ತಂದರೆ, ಶಾಲೆ ತೆರೆದು ಮಳೆ ಹಿಡಿಯುವ ಹೊತ್ತಿಗೆ ಅದಕ್ಕೆ ನಾಲ್ಕು ತಿಂಗಳು ತುಂಬುತ್ತದೆ. ಲಸಿಕೆಗಳೂ ಮುಗಿಯುತ್ತ ಬಂದಿರುತ್ತವೆ, ನಾಲ್ಕು ಗಂಟೆ ತಡೆದುಕೊಳ್ಳುವ ಶಕ್ತಿಯೂ ಬಂದಿರುತ್ತದೆ.