ಕೊರೆದದ್ದೇ ಬರೆದದ್ದು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಂಡೆಯೇ ಪುಟ, ಉಳಿಯೇ ಲೇಖನಿ. ಚಂದ್ರಗಿರಿಯ ಅತಿ ಹಳೆಯ ಬರಹ ಸುಮಾರು ಕ್ರಿ.ಶ. 600ರದು. ಈ ಊರಿನ 144 ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು. ಆ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತ್ತು. ಇಂಗ್ಲಿಷಿನಲ್ಲಿ ಇಂಥ ಬರಹಕ್ಕೆ ‘ಇನ್‌ಸ್ಕ್ರಿಪ್ಷನ್’ ಎಂದು ಹೆಸರು. ಈ ಒಂದು ನಾಮಪದವನ್ನು ಬಿಡಿಸಿ ನೋಡಿದರೆ ಪರೀಕ್ಷೆಯಲ್ಲಿ ಕಾಡುವ ಹಲವು ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಇದರ ಕ್ರಿಯಾಪದ ‘ಇನ್‌ಸ್ಕ್ರೈಬ್’. ‘ಇನ್’ ಎಂದರೆ ಒಳಗೆ ಅಥವಾ ಮೇಲೆ. ‘ಸ್ಕ್ರೈಬ್’ ಬಂದದ್ದು ಬರೆ ಎಂಬ ಅರ್ಥದ ‘ಸ್ಕ್ರೀಬೆರೆ’ ಎಂಬ ಲ್ಯಾಟಿನ್ ಪದದಿಂದ. ಅದರ ಮೂಲಾರ್ಥ ಗೀರು, ಕೆರೆ ಎಂದು. ಗ್ರೀಕಿನ ‘ಗ್ರಾಫೆಯ್ನ್’, ಸಂಸ್ಕೃತದ ‘ಲಿಖ್’, ಇಂಗ್ಲಿಷಿನದೇ ಆದ ‘ರೈಟ್’ ಇವುಗಳ ಹಳೆಯ ಅರ್ಥವೂ ಅದೇ. ಕನ್ನಡದಲ್ಲಿಯೂ ‘ಬರೆ’ ಕ್ರಿಯಾಪದವೂ ಹೌದು, ಗೆರೆ ಎಂಬ ಅರ್ಥದ ನಾಮಪದವೂ ಹೌದು. ಶಾಯಿ ಬರುವ ಮೊದಲು ಬರೆಯುವುದೆಂದರೆ ಕೊರೆಯುವುದೇ ಆಗಿತ್ತು.

ಮುಂದಿನ ಉಪಸರ್ಗ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಡಿಸ್ಕ್ರೈಬ್’ ಎಂದರೆ ಕಂಡದ್ದನ್ನು ಬರೆದಿಳಿಸು, ಅಂದರೆ ವರ್ಣಿಸು. ‘ಪ್ರಿ’ ಎಂದರೆ ಮೊದಲೇ. ಯಾವ ಔಷಧ, ಎಷ್ಟು ಹೊತ್ತಿಗೆ ಎಂದು ವೈದ್ಯರು ಮೊದಲೇ ಬರೆದುಕೊಡುವುದು ‘ಪ್ರಿಸ್ಕ್ರಿಪ್ಷನ್’. ‘ಸಬ್’ ಎಂದರೆ ಅಡಿಯಲ್ಲಿ. ಹಣ ಕೊಡಲು ಒಪ್ಪಿ ಪತ್ರದ ಅಡಿಯಲ್ಲಿ ಸಹಿ ಹಾಕುವುದರಿಂದ ‘ಸಬ್‌ಸ್ಕ್ರಿಪ್ಷನ್’ಗೆ ಚಂದಾ ಎಂಬ ಅರ್ಥ ಬಂತು.

‘ಪ್ರಿಸ್ಕ್ರೈಬ್’ನ ಪಕ್ಕದಲ್ಲೇ ‘ಪ್ರೊಸ್ಕ್ರೈಬ್’ ಇದೆ. ಇಲ್ಲಿ ಎಚ್ಚರ ಬೇಕು. ಕ್ರಿ.ಪೂ. 82ರಲ್ಲಿ ರೋಮಿನ ಸುಲ್ಲಾ ತನ್ನ ವೈರಿಗಳ ಹೆಸರುಗಳನ್ನು ಬರೆಸಿ ಎಲ್ಲರಿಗೂ ಕಾಣುವಂತೆ ಹಾಕಿಸಿದ. ಪಟ್ಟಿಯಲ್ಲಿ ಹೆಸರಿದ್ದವನನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು. ಅಲ್ಲಿಂದ ಈ ಪದಕ್ಕೆ ಬಹಿಷ್ಕರಿಸು, ನಿಷೇಧಿಸು ಎಂಬ ಅರ್ಥ. ಒಂದು ಸ್ವರ ತಪ್ಪಿದರೆ ಕುಡಿಯಬೇಕಾದ ಔಷಧವೇ ನಿಷಿದ್ಧವಾಗಿಬಿಡುತ್ತದೆ!

ಇನ್ನು ಕಾಗುಣಿತದ ತೊಡಕು. ಕ್ರಿಯಾಪದದಲ್ಲಿ ‘ಬಿ’ ಅಕ್ಷರ ಇರುವುದರಿಂದ ‘ಡಿಸ್ಕ್ರಿಪ್ಷನ್’ನಲ್ಲಿಯೂ ‘ಬಿ’ ಬರೆದು ಅಂಕ ಕಳೆದುಕೊಳ್ಳುವುದುಂಟು. ಲ್ಯಾಟಿನ್‌ನಲ್ಲಿ ‘ಬರೆದ’ ಎಂಬ ರೂಪ ‘ಸ್ಕ್ರಿಪ್ಟುಸ್’. ಕರ್ಕಶವಾದ ‘ಟ’ಕಾರ ಎದುರಾದಾಗ ಮೃದುವಾದ ‘ಬ’ಕಾರ ‘ಪ’ಕಾರವಾಯಿತು. ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಅಪ್ + ಜ = ಅಬ್ಜ ಎಂಬ ಜಶ್ತ್ವಸಂಧಿಯಲ್ಲಿ ‘ಪ’ಕಾರ ‘ಬ’ಕಾರವಾಗುತ್ತದೆ; ಇಲ್ಲಿ ಅದರ ತಿರುವುಮುರುವು. ಆದ್ದರಿಂದ ಕ್ರಿಯಾಪದಕ್ಕೆ ‘ಬಿ’, ನಾಮಪದಕ್ಕೆ ‘ಪಿ’ ಎಂಬುದೊಂದನ್ನು ನೆನಪಿಟ್ಟರೆ ಇಡೀ ಕುಟುಂಬದ ಕಾಗುಣಿತ ಸರಿಹೋಗುತ್ತದೆ.

ಇಂಗ್ಲಿಷ್ ಬಾರದ ತಂದೆತಾಯಿಯರೂ ಈ ಕಲಿಕೆಗೆ ನೆರವಾಗಬಹುದು. ಮಗು ಹೊಸ ಪದ ಉರು ಹೊಡೆಯುತ್ತಿದ್ದರೆ, ‘ಇದರ ಕ್ರಿಯಾಪದ ಯಾವುದು? ಇದರ ನೆಂಟರು ಯಾರು?’ ಎಂದು ಕೇಳಿದರೆ ಸಾಕು. ಹತ್ತು ಪದಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಬೇರು ಹಿಡಿಯುವುದು ಸುಲಭ.

ಅಭ್ಯಾಸಕ್ಕೆ ಒಂದು ಪದ: ‘ಟ್ರಾನ್ಸ್’ ಎಂದರೆ ಆಚೆಗೆ. ಹಾಗಾದರೆ ಬಂಡೆಯ ಮೇಲಿನ ಅಕ್ಷರಗಳನ್ನು ಓದಿ ಕಾಗದಕ್ಕೆ ಇಳಿಸಿಕೊಳ್ಳುವವನು ಮಾಡುವ ಕೆಲಸಕ್ಕೆ ಇಂಗ್ಲಿಷಿನ ಕ್ರಿಯಾಪದ ಯಾವುದು, ನಾಮಪದ ಯಾವುದು?